ಹೂಂಗುಟ್ಟುವ ಡ್ರಮ್ಮು

ನಮ್ಮ ಮನೆಯಲ್ಲಿ ಯಾವುದಾದರೂ ವಸ್ತು ಸರಿಯಾಗಿ ಕೆಲಸ ಮಾಡುತ್ತಿದೆಯೆಂದರೆ ನಾನು ಅದನ್ನಿನ್ನೂ ರಿಪೇರಿ ಮಾಡಿಲ್ಲ ಎಂದೇ ಅರ್ಥ. ಇದು ನನ್ನ ಹೆಂಡತಿ ನಾಗರತ್ನ ಮನೆಗೆ ಬಂದವರ ಮುಂದೆಲ್ಲ ಹೇಳುವ ಮಾತು. ಮೊದಮೊದಲು ನನಗೆ ಕೋಪ ಬರುತ್ತಿತ್ತು. ಈಗ ಬರುವುದಿಲ್ಲ, ಏಕೆಂದರೆ ಸಾಕ್ಷಿಗಳು ಮನೆತುಂಬ ಇವೆ. ನಾನು ಎಣ್ಣೆ ಬಿಟ್ಟ ದಿನದಿಂದ ಹಾಲಿನ ಫ್ಯಾನು ಗಾಳಿಯ ಜೊತೆಗೆ ಎಣ್ಣೆಯನ್ನೂ ಪ್ರೋಕ್ಷಣೆ ಮಾಡುತ್ತಿದೆ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ವಾಷರ್ ಹಾಕಿದ ಮೇಲೆ ತೊಟ್ಟಿಕ್ಕುವುದು ನಿಂತುಹೋಗಿ ಧಾರಾಕಾರವಾಗಿ ಸುರಿಯತೊಡಗಿತು. ಆದರೂ ಸ್ಕ್ರೂ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಲವರಿಗೆ ಜಾಮೂನು ಕಂಡರೆ ಹಾಗಾಗುತ್ತದಂತೆ, ನನಗೆ ಸ್ಕ್ರೂ.

ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬ್ಯಾಂಡಿಗೂ ನನಗೂ ಸಂಬಂಧವಿರಲಿಲ್ಲ. ಆದರೆ ಜುಲೈ ಕೊನೆಯಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಆಗಸ್ಟ್ ಹದಿನೈದಕ್ಕೆ ತಾಲ್ಲೂಕು ಮೈದಾನದಲ್ಲಿ ಪಥಸಂಚಲನ. "ಬ್ಯಾಂಡ್ ಯಾರು ನೋಡ್ಕೋತೀರಿ?" ಎಂದು ಹೆಡ್‌ಮೇಡಂ ಕೇಳಿದ ಕ್ಷಣವೇ ಸ್ಟಾಫ್ ರೂಮಿನ ಅಷ್ಟೂ ಜನ ತಲೆ ಬಗ್ಗಿಸಿ ಉತ್ತರ ಪತ್ರಿಕೆ ತಿದ್ದತೊಡಗಿದರು. ನಾನೊಬ್ಬ ಮಾತ್ರ, "ಮೇಡಂ, ನಮ್ಮ ಸೈಡ್ ಡ್ರಮ್ಮಿನ ಸೌಂಡೇ ಸರಿಯಿಲ್ಲ" ಎಂದುಬಿಟ್ಟೆ. ದೋಷ ಕಂಡುಹಿಡಿದವನೇ ಅದನ್ನು ಹೊತ್ತುಕೊಂಡು ಹೋಗಬೇಕು ಎನ್ನುವುದು ನೌಕರಿಯ ಅಲಿಖಿತ ಕಾನೂನು. ನಾನು ಡ್ರಮ್ಮನ್ನು ಹೊತ್ತುಕೊಂಡೆ.

ಹೊರಡುವಾಗ ಮೇಡಂ ಕರೆದು ಮೆಲ್ಲಗೆ ಹೇಳಿದರು: "ಇದು ನನ್ನ ಕೊನೆ ಆಗಸ್ಟ್ ಹದಿನೈದು ಕಣ್ರೀ. ಮುಂದಿನ ತಿಂಗಳು ರಿಟೈರು. ಹೋದ ವರ್ಷ ಆ ಡ್ರಮ್ಮು ಡಾಲ್ಡಾ ಡಬ್ಬದ ಥರ ಬಡ್ಕೊಂಡು, ಮಕ್ಕಳಿಗೆ ತಾಳ ಸಿಗದೆ ವೇದಿಕೆ ಮುಂದೆನೇ ಹೆಜ್ಜೆ ತಪ್ಪಿದ್ರು. ಈ ಸಲವಾದ್ರೂ ಅವರು ಸರಿಯಾಗಿ ಹೋಗೋದನ್ನ ನೋಡ್ಬೇಕು ನಾನು." ಅವರ ಕಣ್ಣಲ್ಲಿ ತೆಳುವಾಗಿ ನೀರಿತ್ತು. ನಾನು ಎದೆಯುಬ್ಬಿಸಿ, "ನನಗೆ ಬಿಡಿ ಮೇಡಂ" ಎಂದೆ. ಫ್ಯಾನಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಸೈಡ್ ಡ್ರಮ್ಮೆಂದರೆ ಹುಡುಗಿಯೊಬ್ಬಳು ಸೊಂಟದ ಪಕ್ಕಕ್ಕೆ ನೇತುಹಾಕಿಕೊಂಡು ಎರಡು ಕಡ್ಡಿಯಲ್ಲಿ ಬಾರಿಸುವ ವಾದ್ಯ ಎಂದಷ್ಟೇ ನಾನು ತಿಳಿದಿದ್ದೆ. ಮನೆಗೆ ತಂದು ಮಗುಚಿ ಹಾಕಿದಾಗಲೇ ಅದರ ಗುಟ್ಟು ಗೊತ್ತಾಯಿತು. ತಳದ ತೆಳು ಹೊದಿಕೆಗೆ ಅಡ್ಡಲಾಗಿ, ಸುರುಳಿ ಸುತ್ತಿದ ಸಣ್ಣ ತಂತಿಗಳ ಒಂದು ಪಟ್ಟಿ. ಪಕ್ಕದಲ್ಲಿ ಅದನ್ನು ಬಿಗಿಮಾಡುವ ತಿರುಪು. ಮೇಲೆ ಬಾರಿಸಿದರೆ ಈ ತಂತಿಗಳು ತಳಕ್ಕೆ ಬಡಿದು 'ಝರ್' ಎನ್ನುತ್ತವೆ. ಮಕ್ಕಳ ಕಾಲು ಏಳುವುದು ಆ ಝರ್ರಿಗೆ. ತಿರುಪು ಹೆಚ್ಚು ಬಿಗಿಯಾದರೆ ತಂತಿ ಉಸಿರುಕಟ್ಟಿ ಡಬ್ ಡಬ್ ಎನ್ನುತ್ತದೆ. ಸಡಿಲವಾದರೆ ಯಾರೂ ಮುಟ್ಟದೆಯೂ, ಪಕ್ಕದಲ್ಲಿ ಸದ್ದಾದರೆ ಸಾಕು, ತನ್ನಷ್ಟಕ್ಕೆ ತಾನೇ ಝರ್ರೆನ್ನುತ್ತದೆ. ಇವೆರಡರ ನಡುವೆ ಎಲ್ಲೋ ಕೂದಲೆಳೆಯಷ್ಟು ಜಾಗದಲ್ಲಿ ಹೆಡ್‌ಮೇಡಂ ಅವರ ಕೊನೆಯ ಆಗಸ್ಟ್ ಹದಿನೈದು ಅಡಗಿತ್ತು.

ಮನೆಗೆ ಆಗಷ್ಟೇ ಅತ್ತೆ ಬಂದಿದ್ದರು. ಅವರದು ಪಾವಗಡದ ಕಡೆ, ಆಂಧ್ರ ಗಡಿಯ ಹಳ್ಳಿ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ಬದುವಿನ ಮೇಲೆ ನಿಂತು ಆಚೆ ಹೊಲದವರ ಜೊತೆ ಮಾತಾಡಿ ಬೆಳೆಸಿಕೊಂಡ ಗಂಟಲು ಅವರದು. ಅವರಿಗೆ ಕಥೆ ಹೇಳುವುದೆಂದರೆ ಪ್ರಾಣ. ಹಿಂದೂಪುರದ ಬಸ್ಸಿನಲ್ಲಿ ಅವರ ಓರಗಿತ್ತಿಯ ಚೀಲದಿಂದ ಕೋಳಿ ತಪ್ಪಿಸಿಕೊಂಡು ಡ್ರೈವರನ ತಲೆಯ ಮೇಲೆ ಕೂತ ಕಥೆಯನ್ನು ನಾನು ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ. ಈಗೀಗ ಕೋಳಿ ಚೀಲದಲ್ಲಿರುವಾಗಲೇ ನನಗೆ ಏನಾದರೂ ಕೆಲಸ ನೆನಪಾಗುತ್ತದೆ. ನಾಗರತ್ನಳಿಗೆ ಅಡುಗೆಮನೆ ನೆನಪಾಗುತ್ತದೆ.

ಡ್ರಮ್ಮನ್ನು ದಿವಾನದ ಮೇಲೆ, ಅತ್ತೆಯ ಪಕ್ಕದಲ್ಲಿ ಇಟ್ಟೆ. "ಇದೇನ್ರೀ, ಮನೆಗೇ ಬ್ಯಾಂಡ್ ಸೆಟ್ ತಂದ್ಬುಟ್ರಲ್ಲ? ಯಾರ ಮದುವೆ?" ಎಂದಳು ನಾಗರತ್ನ. "ಸ್ವಾತಂತ್ರ್ಯೋತ್ಸವ" ಎಂದೆ. "ಮದುವೆ ಆದೋರ್ ಮನೇಲಿ ಅದೆಂಥದು?" ಎಂದು ಒಳಗೆ ಹೋದಳು.

ಒಂದು ಸಂಜೆಯೆಲ್ಲ ಕೂತು, ಕಿವಿಯನ್ನು ತಳಕ್ಕೆ ಹಚ್ಚಿ, ಕೊನೆಗೂ ಆ ಕೂದಲೆಳೆಯ ಜಾಗವನ್ನು ಹಿಡಿದೆ. ಎಂಥ ನಾದ! ಚೊಕ್ಕವಾಗಿ ಹುರಿದ ಸಾಸಿವೆ ಸಿಡಿದ ಹಾಗೆ. ಮಾರನೆಯ ದಿನ ಶಾಲೆಯಿಂದ ಬಂದು ಬಾರಿಸಿ ನೋಡುತ್ತೇನೆ, ತಂತಿಗಳೆಲ್ಲ ಸಡಿಲವಾಗಿ ಗೊರಗೊರ ಅನ್ನುತ್ತಿವೆ. ಮತ್ತೆ ಬಿಗಿಮಾಡಿದೆ. ಮರುದಿನ ಮತ್ತೆ ಸಡಿಲ. ತಿರುಪಿಗೆ ದಾರ ಸುತ್ತಿದೆ, ಸೆಲ್ಲೋಟೇಪು ಹಚ್ಚಿದೆ. ಏನೂ ಪ್ರಯೋಜನವಿಲ್ಲ. ನಾಗರತ್ನ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ನನ್ನ ಶ್ರಮ ಕಂಡು ಮರುಗುತ್ತಿದ್ದಾಳೆ ಎಂದುಕೊಂಡೆ. ಗಂಡಂದಿರಿಗೆ ಇಂಥ ಭ್ರಮೆಗಳನ್ನು ದೇವರೇ ಕೊಟ್ಟಿರುತ್ತಾನೆ.

ಆಗಲೇ ನನಗೆ ಹೊಳೆದದ್ದು: ಮಳೆಗಾಲದ ತೇವ! ನಾನು ಹುಟ್ಟಿ ಬೆಳೆದದ್ದು ಐ.ಡಿ.ಹಳ್ಳಿಯ ಪಕ್ಕದಲ್ಲಿ. ತಮಟೆಯವರು ಬಾರಿಸುವ ಮುಂಚೆ ಒಣಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಅದರ ಮೇಲೆ ಹಿಡಿದು ಕಾಯಿಸುವುದನ್ನು ನೋಡುತ್ತಲೇ ದೊಡ್ಡವನಾದವನು. ಥಂಡಿಗೆ ಜೋತುಬಿದ್ದ ಚರ್ಮ ಬೆಂಕಿಯ ಶಾಖಕ್ಕೆ ಬಿಗಿದು ಠಣ್ ಅನ್ನುತ್ತದೆ. ಡ್ರಮ್ಮು ಇಂಗ್ಲಿಷಿನವರದ್ದಾದರೇನು, ಶಾಖ ಎಲ್ಲರಿಗೂ ಒಂದೇ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಹುಲ್ಲು ಗುಡ್ಡೆ ಹಾಕಿ, ಕಡ್ಡಿ ಗೀರಿ, ನಮ್ಮೂರಿನ ತಮಟೆಯವರ ಠೀವಿಯಲ್ಲೇ ಡ್ರಮ್ಮಿನ ತಳವನ್ನು ಜ್ವಾಲೆಗೆ ಹಿಡಿದೆ.

ಅದು ಪ್ಲಾಸ್ಟಿಕ್ ಎಂಬುದು ಮೊದಲು ಮೂಗಿಗೆ ಗೊತ್ತಾಯಿತು, ಆಮೇಲೆ ನನಗೆ. ತಳದ ಅಂಚಿನಲ್ಲಿ ಹಪ್ಪಳ ಕರಿದಾಗ ಏಳುವಂಥ ಒಂದು ಗುಳ್ಳೆ ಎದ್ದು, ಕ್ಷಣದಲ್ಲೇ ಸುರುಟಿಕೊಂಡಿತು. ಎಳೆದುಕೊಂಡೆ. ತೂತಾಗಿರಲಿಲ್ಲ ಎಂಬುದೊಂದೇ ಪುಣ್ಯ. ಆದರೆ ತಂತಿಗಳಲ್ಲಿ ಅರ್ಧ ತಳಕ್ಕೆ ತಾಗಿದ್ದವು, ಅರ್ಧ ಗಾಳಿಯಲ್ಲಿ ನೇತಾಡುತ್ತಿದ್ದವು. ನಾಗರತ್ನ ಓಡಿ ಬಂದಳು.

"ಅಯ್ಯೋ, ಬೆಂಕಿಗ್ಯಾಕ್ರೀ ಹಿಡಿದ್ರಿ? ತೇವನೂ ಇಲ್ಲ, ಎಂಥದೂ ಇಲ್ಲ. ದಿನಾ ಅದನ್ನ ಸಡಿಲ ಮಾಡ್ತಿದ್ದಿದ್ದು ನಮ್ಮಮ್ಮ!"

"ನಿನಗೆ ಗೊತ್ತಿತ್ತಾ? ಹೇಳಬಾರದಿತ್ತಾ?"

"ನೀವೆಲ್ಲಿ ಕೇಳಿದ್ರಿ? ಅದಕ್ಕೆ ಟೇಪ್ ಸುತ್ತೋದು ನೋಡೋಕೇ ಮಜಾ ಇತ್ತು."

ಒಳಗೆ ಹೋಗಿ ಕೇಳಿದರೆ ಅತ್ತೆ ಒಂಚೂರೂ ಅಳುಕಲಿಲ್ಲ. "ಹೌದು ಅಳಿಯಂದ್ರೇ, ನಾನೇ ತಿರುವ್ದೆ. ನೀವು ಅದನ್ನ ತಂದ ದಿನ ನಾನು ಸುಮ್ನೆ ಕೋಳಿ ವಿಷ್ಯ ಹೇಳ್ಕೊಂಡು ಕೂತಿದ್ದೆ. ಪಕ್ಕದಲ್ಲಿ ಇದು ಝರ್ ಅಂತು. ಇನ್ನೊಂದು ಮಾತು ಹೇಳಿದ್ರೆ ಮತ್ತೆ ಝರ್ ಅಂತು. ಹೂಂಗುಡ್ತಾ ಐತೆ, ಪಾಪಂ! ಈ ಮನೇಲಿ ನನ್ನ ಮಾತಿಗೆ ಹೂಂ ಅಂದಿದ್ದು ಅದೊಂದೇ. ನೀವು ಬಂದು ಅದರ ಬಾಯೂ ಕಟ್ಟಿಬುಟ್ರೆ ಹೆಂಗೆ?"

ನನಗೆ ನಗು ಬಂತು. ನಗುವಿನ ಹಿಂದೆಯೇ, ಆ ಕೋಳಿಯ ಕಥೆಯನ್ನು ನಾನು ಕೊನೆತನಕ ಕೂತು ಕೇಳಿ ಎಷ್ಟು ಕಾಲವಾಯಿತು ಎಂಬುದೂ ನೆನಪಾಯಿತು. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದಿದ್ದದ್ದು ಹೆಡ್‌ಮೇಡಂ ಕಣ್ಣಿನ ತೆಳು ನೀರು. ಸುರುಟಿದ ತಳವನ್ನು ಬದಲಿಸೋಣವೆಂದರೆ ಶಿರಾದ ಬ್ಯಾಂಡ್ ಸಾಮಾನಿನ ಅಂಗಡಿಯಲ್ಲಿ, "ಆ ಸೈಜು ಹಬ್ಬ ಆದ್ಮೇಲೇ ಬರೋದು ಸಾಬ್" ಎಂದುಬಿಟ್ಟರು. ಇದ್ದದ್ದನ್ನೇ ಎಷ್ಟು ಬರುತ್ತದೋ ಅಷ್ಟು ಬಿಗಿದು, ಮನೆದೇವರಿಗೆ ಕೈಮುಗಿದು ಮೈದಾನಕ್ಕೆ ಒಯ್ದೆ.

ಹತ್ತನೇ ಕ್ಲಾಸಿನ ಮಂಜುಳ ಡ್ರಮ್ಮನ್ನು ಸೊಂಟಕ್ಕೆ ಏರಿಸಿ ಕಡ್ಡಿ ಎತ್ತಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಝರ್ರ್ ಝರ್ರ್ ಝರಝರಝರ್ರ್! ಬೇರೆ ಶಾಲೆಗಳ ಡ್ರಮ್ಮುಗಳನ್ನೆಲ್ಲ ನುಂಗಿ ಹಾಕುವಂಥ ಸದ್ದು. ತಾಳ ತಪ್ಪಬೇಕೆಂದರೂ ತಪ್ಪುವ ಹಾಗಿರಲಿಲ್ಲ. ನಮ್ಮ ಮಕ್ಕಳು ವೇದಿಕೆಯ ಮುಂದೆ ಒಂದೇ ಕಾಲಿನಂತೆ ಹಾದುಹೋದರು. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಎದೆ ಕೊಂಚ ಉಬ್ಬಿತೆಂದು ಕಾಣುತ್ತದೆ, ಅಲ್ಲೇ ತಪ್ಪಾದದ್ದು.

ಆಮೇಲೆ ಭಾಷಣ. ಮಕ್ಕಳು ಸಾಲಾಗಿ ನಿಂತಿದ್ದರು, ಮಂಜುಳ ಸ್ಪೀಕರ್ ಡಬ್ಬದ ಎದುರಿಗೇ. ಮುಖ್ಯ ಅತಿಥಿಗಳು ಗಂಭೀರವಾಗಿ, "ಈ ತಾಲ್ಲೂಕಿನ ಅಭಿವೃದ್ಧಿಯೇ ನನ್ನ ಉಸಿರು" ಎಂದರು. ಡ್ರಮ್ಮು, "ಝರ್" ಎಂದಿತು. ಅವರು ತಡೆದು, "ಕುಡಿಯುವ ನೀರಿನ ಸಮಸ್ಯೆ ಬಹುತೇಕ ಬಗೆಹರಿದಿದೆ" ಎಂದರು. "ಝರ್ರ್ರ್." ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂಜುಳ ಡ್ರಮ್ಮನ್ನು ಮಗುವಿನಂತೆ ತಬ್ಬಿಕೊಂಡಳು, ಆದರೂ ಅದು ಒಳಗೊಳಗೇ ಹೂಂಗುಟ್ಟಿತು. ಅತಿಥಿಗಳು ಭಾಷಣವನ್ನು ಅಲ್ಲಿಗೇ ಮುಗಿಸಿ ಜೈಹಿಂದ್ ಎಂದರು. ಡ್ರಮ್ಮು ಅದಕ್ಕೂ ಒಪ್ಪಿತು. ಬಿಸಿಲಲ್ಲಿ ನಿಂತಿದ್ದ ಇಡೀ ಮೈದಾನ ಚಪ್ಪಾಳೆ ತಟ್ಟಿತು.

"ಏನ್ ಮಾಡಿದ್ರಿ ಸಾರ್ ಈ ಡ್ರಮ್ಮಿಗೆ?" ಎಂದರು ಮೇಡಂ, ನಗು ತಡೆಯಲಾರದೆ.

"ಸ್ವಲ್ಪ ಟ್ಯೂನ್ ಮಾಡಿದೆ ಮೇಡಂ."

"ನನ್ನ ಸೆಂಡಾಫಿಗೂ ಇದನ್ನೇ ತಂದಿಡಿ. ಎಲ್ಲರ ಭಾಷಣಾನೂ ಬೇಗ ಮುಗಿಯುತ್ತೆ."

ಹೀಗೆ ಡ್ರಮ್ಮು ಶಾಲೆಗೆ ವಾಪಸು ಹೋಯಿತು. ಅತ್ತೆ ಮಾತ್ರ ಇನ್ನೂ ಹೋಗಿಲ್ಲ. ದಿವಾನದ ಮೇಲೆ ಖಾಲಿಯಾದ ಜಾಗವನ್ನು ಅವರು ಎರಡು ದಿನ ಮಂಕಾಗಿ ನೋಡಿದರು. ಮೂರನೆಯ ದಿನ ನಾಗರತ್ನ ನನ್ನ ಕೈಗೆ ಕಾಫಿ ಲೋಟ ಕೊಟ್ಟು, ಭುಜ ಹಿಡಿದು ಅಲ್ಲಿ ಕೂರಿಸಿದಳು. ಅಂದಿನಿಂದ ಸಂಜೆ ಹೊತ್ತು ನನ್ನ ಜಾಗ ಅದೇ. ಅತ್ತೆ ಹೇಳುತ್ತಾರೆ, ನಾನು ಹೂಂ ಅನ್ನುತ್ತೇನೆ. ಕೋಳಿ ಚೀಲದಿಂದ ಹಾರುತ್ತದೆ, ಹೂಂ. ಡ್ರೈವರನ ತಲೆಯೇರುತ್ತದೆ, ಹೂಂ. ನಿನ್ನೆ ಮಾತ್ರ ಕಥೆಯ ನಡುವೆ ಕಣ್ಣು ಎಳೆದು ನಾನು ಸುಮ್ಮನಾಗಿಬಿಟ್ಟೆನಂತೆ. ಅತ್ತೆ ಮಾತು ನಿಲ್ಲಿಸಿ ಅಡುಗೆಮನೆಯ ಕಡೆ ಕೂಗಿದರು: "ರತ್ನಾ, ಬಾರೇ ಇಲ್ಲಿ. ಇದೂ ಯಾಕೋ ಬಿಗಿಯಾಗೈತೆ, ಒಂಚೂರು ತಿರುವ್ಬುಟ್ಟು ಹೋಗು." ನಾಗರತ್ನ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಕಿವಿ ಹಿಡಿದಳು.