ಗೋಡೆ ಪುಡಿ

ಊರವರ ಗೋಡೆಗೆಲ್ಲ ಬಣ್ಣ ಬಳಿಯುವ ನನ್ನ ಮನೆಯ ನಡುಮನೆಯ ಗೋಡೆಯಲ್ಲಿ ಒಂದು ಬಿರುಕಿತ್ತು. ಕೈಬೆರಳು ಹಿಡಿಸುವಷ್ಟು ದೊಡ್ಡದು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನನ್ನ ಹೆಂಡತಿ ಅದನ್ನು ನೋಡಿದಾಗಲೆಲ್ಲ ಹೇಳುತ್ತಿದ್ದಳು. ಅದರಲ್ಲಿ 'ಉಪಕಾರಿ' ಎಂಬ ಭಾಗವನ್ನು ಮಾತ್ರ ನಾನು ಕಿವಿಗೆ ಹಾಕಿಕೊಳ್ಳುತ್ತಿದ್ದೆ.

ನನ್ನ ಮೈಯ ಸ್ಥಿತಿಯೂ ಗೋಡೆಯದಕ್ಕಿಂತ ಉತ್ತಮವಾಗಿರಲಿಲ್ಲ. ಮೂಗಿನಲ್ಲಿ ಸದಾ ನೆಗಡಿ, ಹೊಟ್ಟೆಯಲ್ಲಿ ಸದಾ ಗುಡುಗು. ಹೋದ ಸಲ ಬಂದಿದ್ದ ಅತ್ತಿಗೆ (ಹೆಂಡತಿಯ ಅಕ್ಕ; ಔಷಧಿ ಅಂಗಡಿ ಇಟ್ಟವರು) ಎರಡನ್ನೂ ಆಲಿಸಿ 'ಬೀಟಾ ಗ್ಲೂಕಾನ್' ಎಂಬ ಪುಡಿಯನ್ನು ದಯಪಾಲಿಸಿದರು.

"ಗ್ಲೂ ಅಂದ್ರೆ ಗೋಂದಲ್ವಾ ಅತ್ತಿಗೆ?"

"ಗೋಂದೂ ಅಲ್ಲ, ಗೀಂದೂ ಅಲ್ಲ. ಯೀಸ್ಟಿಂದ ತೆಗೆದಿದ್ದು. ಬ್ರೆಡ್ ಉಬ್ಬೋಕೆ ಹಾಕ್ತಾರಲ್ಲ, ಅದು."

"ನನ್ನ ಹೊಟ್ಟೆ ಈಗಾಗಲೇ ಉಬ್ಬಿದೆಯಲ್ಲ!"

"ಇದು ಉಬ್ಬಿಸಲ್ಲ. ಆ ಯೀಸ್ಟಿನ ಒಂದೊಂದು ಕಣಕ್ಕೂ ಸುತ್ತ ಗೋಡೆ ಇರುತ್ತೆ. ಆ ಗೋಡೆಯಿಂದ ತೆಗೆದ ನಾರು ಇದು. ಕರುಳಿಗೆ ಒಳ್ಳೇದು, ರೋಗ ತಡೆಯೋ ಶಕ್ತಿಗೆ ಆಸರೆ ಅಂತಾರೆ."

"ಹಾಗಾದ್ರೆ ಔಷಧಿ?"

"ಔಷಧಿ ಅಲ್ಲ, ಪೂರಕ ಆಹಾರ."

"ಆಹಾರಾನಾ? ಹಾಗಾದ್ರೆ ಊಟ ಬಿಡ್ಬೇಕಾ?"

"ಅಯ್ಯೋ ರಾಮ! ಊಟಾನೂ ಮಾಡಿ, ಇದನ್ನೂ ಕುಡೀರಿ!"

ನನಗೆ ತಲೆಬುಡ ತಿಳಿಯಲಿಲ್ಲ. ಔಷಧಿಯಲ್ಲದ ಔಷಧಿ, ಊಟವಲ್ಲದ ಆಹಾರ; ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಯಾರಿಗೆ ಅರ್ಥವಾಗಬೇಕು? ಅರ್ಥವಾಗದ್ದನ್ನು ನುಂಗುವುದು ನನ್ನ ಜಾಯಮಾನವಲ್ಲ. ಹೆಂಡತಿ ದಿನಾ ಬೆಳಿಗ್ಗೆ ಲೋಟದಲ್ಲಿ ಕಲಸಿಟ್ಟು ತನ್ನ ಹೊಲಿಗೆ ಅಂಗಡಿಗೆ ಹೊರಡುತ್ತಿದ್ದಳು. ನಾನು ಮೂಗು ಮುಚ್ಚಿಕೊಂಡು ಅದನ್ನು ಸಿಂಕಿಗೆ ಸಮರ್ಪಿಸುತ್ತಿದ್ದೆ. ಸಂಜೆ "ಕುಡಿದ್ರಾ?" ಎಂದರೆ "ಕುಡಿದೆ ಮಾರಾಯ್ತಿ, ಮೈಯೆಲ್ಲ ಹಗುರ!" ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು, ನನಗೂ ಒಂಚೂರು ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಅತ್ತಿಗೆ ಇನ್ನೊಂದು ಅಂಗಡಿ ತೆರೆಯುವ ಸುದ್ದಿ ಬಂತು. ಅದಕ್ಕೆ ಬಣ್ಣ ಹೊಡೆಯುವ ಕೆಲಸ ನನಗೆ ಕೊಡುವುದೋ ಬೇರೆಯವರಿಗೋ ಎಂದು ನಮ್ಮ ಮನೆಯಲ್ಲೇ ನನ್ನ ಕೈಚಳಕ ನೋಡಿ ನಿರ್ಧರಿಸುತ್ತಾರಂತೆ. ಅಂಥ ದೊಡ್ಡ ಕೆಲಸ ಸಿಗದೆ ಬಹಳ ಕಾಲವಾಗಿತ್ತು. ನನಗದು ಬೇಕೇ ಬೇಕಿತ್ತು. ಆದರೆ ಅವರು ನಮ್ಮ ಮನೆಗೆ ಹೊರಟಾಗಿದೆ ಎಂದು ತಿಳಿದದ್ದು ಅವರು ಬರುವ ದಿನವೇ ಮಧ್ಯಾಹ್ನ. ಬಿರುಕು ನನ್ನನ್ನೇ ನೋಡಿ ಬಾಯಿ ಬಿಟ್ಟುಕೊಂಡಿತ್ತು. ಬಿರುಕು ಮುಚ್ಚುವ ಪುಟ್ಟಿಯೆಲ್ಲ ಕೆಲಸದ ಜಾಗದಲ್ಲಿತ್ತು. ಹೊಲಿಗೆ ಅಂಗಡಿಗೆ ಫೋನು ಹಚ್ಚಿದೆ.

"ಲೇ, ಗೋಡೆಗೆ ಹಾಕೋ ಪುಡಿ ಮನೇಲಿ ಇದೆಯೇನೇ?"

ಆ ಕಡೆಯಿಂದ ಮೆಷಿನ್ನುಗಳ ಕಟಕಟ ಸದ್ದು. "ಏನು? ಗೋಡೆ ಪುಡೀನಾ? ಅಡುಗೆಮನೆ ಮೇಲಿನ ಕಪಾಟಲ್ಲಿದೆ, ಸ್ಟೀಲ್ ಡಬ್ಬ! ನೀರಲ್ಲಿ ಗಂಟಿಲ್ಲದ ಹಾಗೆ ಕಲಸ್ಕೊಳ್ಳಿ!"

ನನ್ನ ಕಣ್ಣು ತುಂಬಿ ಬಂತು. ಅಡುಗೆಮನೆಯಲ್ಲೂ ನನಗಾಗಿ ಪುಟ್ಟಿ ಇಟ್ಟಿರುವ ಸಾಧ್ವಿ! ಗಂಟಾಗಬಾರದೆಂಬ ಗುಟ್ಟೂ ಅವಳಿಗೆ ತಿಳಿದಿದೆ! ಡಬ್ಬದಲ್ಲಿದ್ದದ್ದು ತಿಳಿ ಕಂದು ಬಣ್ಣದ ನುಣ್ಣನೆಯ ಪುಡಿ. ಏನೋ ವಿಚಿತ್ರ ವಾಸನೆ. (ಈಗಿನ ಕಂಪನಿಯವರು ಏನೇನು ಬೆರೆಸುತ್ತಾರೋ!) ಅಷ್ಟನ್ನೂ ಕಲಸಿ, ಬಿರುಕಿಗೆ ಮೆತ್ತಿ, ಫ್ಯಾನು ಹಾಕಿ ಒಣಗಿಸಿ, ಮೇಲೆ ಬಣ್ಣ ಎಳೆದೆ. ಬಿರುಕಿನ ಸುಳಿವೇ ಇಲ್ಲ!

ಸಂಜೆ ಅಕ್ಕತಂಗಿಯರು ಒಟ್ಟಿಗೇ ಬಂದರು. ಅತ್ತಿಗೆ ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಕೈಯಾಡಿಸಿದರು.

"ಭೇಷ್! ಹೊಸ ಅಂಗಡಿಗೂ ಹೀಗೇ ಆಗ್ಬೇಕು. ಯಾವ ಪುಟ್ಟಿ ಹಾಕಿದ್ರಿ?"

"ಅದೆಲ್ಲ ನಿಮ್ಮ ತಂಗಿಯ ಮುಂದಾಲೋಚನೆ" ಎಂದು ನಾನು ಖಾಲಿ ಡಬ್ಬವನ್ನು ಹೆಮ್ಮೆಯಿಂದ ತಂದುಕೊಟ್ಟೆ.

ಅತ್ತಿಗೆ ಮೂಸಿದರು. ಇನ್ನೊಮ್ಮೆ ಮೂಸಿದರು. ಹೆಂಡತಿ ತಲೆಯ ಮೇಲೆ ಕೈ ಹೊತ್ತಳು.

"ರೀ! ಅದು ನೀವು ಕುಡಿಯೋ ಪುಡಿ ಕಣ್ರೀ! ಗೋಡೆಯಿಂದ ತೆಗೆದಿದ್ದು ಅಂತ ಅಕ್ಕ ಹೇಳಿದ್ಳಲ್ಲ, ಅದಕ್ಕೇ ನಾನೂ ಅಕ್ಕಾನೂ ಅದನ್ನ ಗೋಡೆ ಪುಡಿ ಅಂತಿದ್ವಿ!"

"ಓಹೋ!" ನಾನು ನಗಲು ಪ್ರಯತ್ನಿಸಿದೆ. "ಹೆಸರಲ್ಲಿ ಏನೋ ಗಲಿಬಿಲಿ ಆಯ್ತು. ನಿಮ್ಮ ಸ್ಟೀಲ್ ಡಬ್ಬ ನಾನು ನೋಡಿರ್ಲಿಲ್ಲ ನೋಡಿ."

"ಡಬ್ಬ ಬಿಡಿ" ಎಂದರು ಅತ್ತಿಗೆ, ಬಹಳ ಮೆತ್ತಗೆ. "ದಿನಾ ಕುಡಿಯೋ ಪುಡಿಯ ವಾಸನೇನೂ ಗುರುತು ಸಿಗ್ಲಿಲ್ವಾ?"

ಗೋಡೆಗೆ ಕಿವಿ ಇರುತ್ತದೆ ಎಂದು ಕೇಳಿದ್ದೆ. ಅದು ಚಾಡಿಯನ್ನೂ ಹೇಳುತ್ತದೆಂದು ಅವತ್ತೇ ತಿಳಿದದ್ದು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಸಿಂಕಿನ ಕಡೆ ನೋಡುತ್ತಿದ್ದಳು.

"ಅತ್ತಿಗೆ, ಕೆಲಸ..." ಎಂದು ತೊದಲಿದೆ.

"ಕೆಲಸ ನಿಮ್ದೇ. ಕೈ ಚೆನ್ನಾಗಿದೆ. ಆದ್ರೆ ಹೊರಗಿನ ಗೋಡೆ ಮಾತ್ರ. ಔಷಧಿ ಅಂಗಡಿ ನೋಡಿ, ಒಳಗೆ ಎಲ್ಲಾ ಪುಡಿಗಳೇ ಇರ್ತವೆ."