ಮಾಮಾ ನೋಡಿದ ಮೂರು ನಾಯಿಗಳು

ನಮ್ಮ ಮಾಮಾನಿಗೆ ಮನುಷ್ಯರ ಮುಖ ಕಾಣುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಣ್ಣು ಚೆನ್ನಾಗಿಯೇ ಇವೆ. ಮೊನ್ನೆ ಮೊನ್ನೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದಾರೆ. ಆದರೆ ಎದುರಿಗೆ ನಿಂತವನ ಮುಖ ಬಿಟ್ಟು ಅವನ ಮಚ್ಚೆ, ಗಾಯದ ಕಲೆ, ಸುಟ್ಟ ಗುರುತು, ಇಷ್ಟೇ ಅವರ ಕಣ್ಣಿಗೆ ಬೀಳುವುದು! ಇದೇನು ರೋಗ ಎಂದು ಗಾಬರಿಯಾಗಬೇಡಿ, ಸರ್ಕಾರಿ ನೌಕರಿಯ ಫಲ. ಸೇಡಂನ ಒಂದು ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿದವರು ಅವರು. ಪರೀಕ್ಷೆಯ ಅರ್ಜಿಯಲ್ಲಿ ‘ದೇಹದ ಮೇಲಿನ ಗುರುತು’ ಎಂಬ ಕಾಲಂ, ಟಿ.ಸಿ.ಯಲ್ಲಿ ‘ನಡತೆ’ ಎಂಬ ಕಾಲಂ. ಈ ಎರಡನ್ನು ತುಂಬಿ ತುಂಬಿ, ಅವರ ಪಾಲಿಗೆ ಮನುಷ್ಯ ಎಂದರೆ ಒಂದು ಮಚ್ಚೆ ಮತ್ತು ಒಂದು ನಡತೆ, ಅಷ್ಟೇ ಆಗಿಬಿಟ್ಟಿದ್ದಾನೆ.

ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ರೈಲು ಕಾಯುತ್ತಾ ಕುಳಿತಿದ್ದೆವು. ಎತ್ತರದ ಆಳು, ದಪ್ಪ ಮೀಸೆಯ ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬರು ಎದುರಿನಿಂದ ಬಂದರು. ಜನ ಎದ್ದು ದಾರಿ ಬಿಡುತ್ತಿದ್ದರೆ ಮಾಮಾ ಮಾತ್ರ ಕೂತಲ್ಲಿಂದಲೇ ಕೂಗಿದರು.

“ಎಡ ಗಲ್ಲದ ಕೆಳಗ ಕರೀ ಮಚ್ಚಿ! ಬಲ ಮೊಣಕಾಲಿಗಿ ಹೊಲಿಗಿ ಕಲಿ! ಆರಾಮ ಇದ್ದೀ ಏನೋ?”

ನಾನು ಮಾಮಾನ ತೋಳು ಜಗ್ಗಿದೆ. ಇನ್ಸ್‌ಪೆಕ್ಟರ್ ಹತ್ತಿರ ಬಂದು ಟೊಪ್ಪಿಗೆ ತೆಗೆದು ಮಾಮಾನ ಕಾಲಿಗೆ ಎರಗಬೇಕೇ! “ಸರ್, ನನ್ನ ಟಿ.ಸಿ.ದಾಗ ನಡತಿ ಏನಂತ ಬರ್ದಿದ್ರಿ?” ಎಂದು ಮೆಲ್ಲಗೆ ಕೇಳಿದರು.

“ತೃಪ್ತಿಕರ.”

“ನಾ ಶಾಲ್ಯಾಗ ಬಾರಿಸೋ ಗಂಟೀನೇ ಕದ್ದೊಯ್ದಿದ್ನಲ್ರಿ ಸರ್?”

“ಹೌದಪ್ಪ. ಮರುದಿನ ತಂದು ಕೊಟ್ಟಿದ್ದಿಲ್ಲೇನು? ತೃಪ್ತಿಕರ!”

ಮಾಮಾನ ಕೈಯಿಂದ ‘ತೃಪ್ತಿಕರ’ ಎಂದು ಬರೆಸಿಕೊಳ್ಳದ ಹುಡುಗ ಸೇಡಂ ತಾಲೂಕಿನಲ್ಲಿ ಹುಟ್ಟಿಯೇ ಇಲ್ಲ. ಇಂಥ ಉದಾರಿ ನಿವೃತ್ತರಾದ ಮೇಲೆ ನಾಯಿಗಳ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾದರು ಎಂಬುದನ್ನು ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ.

ಅವರ ಮನೆಯಲ್ಲಿ ಮೋತಿ ಎಂಬ ನಾಯಿ ಇತ್ತು. ಹನ್ನೆರಡು ವರ್ಷ ಇತ್ತು. ಬೂದಿ ಬಣ್ಣ, ಹಣೆಯ ನಡುವೆ ಬಿಳಿ ಚುಕ್ಕೆ. ಮುಂದೆ ರೊಟ್ಟಿ ಇಟ್ಟರೂ “ಹೂಂ” ಎನ್ನುವವರೆಗೆ ಮೂತಿ ಚಾಚುತ್ತಿರಲಿಲ್ಲ. ಮಗಳು ಚಿಂಚೋಳಿಗೆ ಸೊಸೆಯಾಗಿ ಹೋದ ಮೇಲೆ ಅತ್ತೆಗೆ ದಿನವಿಡೀ ಮಾತಿಗೆ ಸಿಗುತ್ತಿದ್ದವನು ಅವನೊಬ್ಬನೇ. ಜೋಳ ಹಸನು ಮಾಡುವಾಗ, ರೊಟ್ಟಿ ಬಡಿಯುವಾಗ, ಅತ್ತೆಯ ಬಾಯಿ ನಿಲ್ಲುತ್ತಿರಲಿಲ್ಲ. “ನಿಮ್ಮ ಸಾಹೇಬ್ರು ಇನ್ನಾ ಬಂದಿಲ್ಲ ನೋಡೋ ಮೋತಿ, ಎಲ್ಲಿ ಯಾರ ಮಚ್ಚಿ ಎಣಿಸಲಿಕತ್ತಾರೋ ಏನೋ!” ಓಣಿಯ ಕೊನೆಯವರೆಗೂ ಕೇಳುವ ಗಂಟಲು ಅದು. ಆ ದನಿ ಹಿಡಿದೇ ನಾವು ಅವರ ಮನೆ ಹುಡುಕುತ್ತಿದ್ದೆವು.

ಈ ವರ್ಷ ಎಳ್ಳ ಅಮಾವಾಸ್ಯೆಯ ದಿನ ಮೋತಿ ಎಲ್ಲರ ಜೊತೆ ಹೊಲಕ್ಕೆ ಹೋಯಿತು, ಭಜ್ಜಿ, ಸಜ್ಜೆ ಕಡುಬು ತಿಂದಿತು, ಮನೆಗೆ ಬಂದು ಮಲಗಿತು. ಮರುದಿನ ಏಳಲಿಲ್ಲ.

ಅತ್ತೆ ಅಳಲಿಲ್ಲ. ಮಾತು ಬಿಟ್ಟರು. ಪೂರ್ತಿ ಬಿಟ್ಟರು ಎಂದಲ್ಲ. “ಊಟಕ್ಕ ಬರ್ರಿ”, “ಹಾಲು ಬಂದದ” ಇತ್ಯಾದಿ ಸರ್ಕಾರಿ ಪ್ರಕಟಣೆಗಳು ನಡೆದೇ ಇದ್ದವು. ಮಗಳು ಫೋನು ಮಾಡಿದರೆ “ಹೂಂ, ಆರಾಮ” ಎಂದು ಮುಗಿಸಿಬಿಡುತ್ತಿದ್ದರು. ಒಂದು ತಿಂಗಳು ನೋಡಿ ಮಾಮಾ ನನಗೆ ಫೋನು ಮಾಡಿದರು. ಚಿತ್ತಾಪುರದ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಬಳಿ ಒಂದು ಹಳೆಯ ಕಾರಿದೆ, ಅದೇ ನನ್ನ ತಪ್ಪು.

“ಅಳ್ಯಾ, ಮನಿ ಶಾಲಿಗಿ ರಜಾ ಕೊಟ್ಟಾಂಗ ಆಗ್ಯದ. ನನಗ ಕುಂದರಲಿಕ್ಕ ಆಗವಲ್ದು. ಒಂದು ನಾಯಿ ನೋಡೂಣು. ಕೇಳಿದವ್ರಿಗಿ ಮಂಗ್ಯಾನ ಕಾಟ ಭಾಳ ಆಗ್ಯದ ಅಂತ ಹೇಳು.”

ಅತ್ತೆಯ ಷರತ್ತು ಒಂದೇ, ಅದು ಮುಖದ್ದು. “ತಂದ್ರ ಮೋತಿ ಮಾರಿನೇ ಇರಬೇಕು. ಇಲ್ಲಾಂದ್ರ ಬ್ಯಾಡ.”

“ಮಾರಿ ತಗೊಂಡು ಏನು ಮಾಡ್ತೀ? ಮೋತಿ ಗುಣ ಇರಬೇಕು, ಗುಣ!” ಎಂದರು ಮಾಮಾ.

“ಗುಣ ಕಲಿಸಬಹುದು. ಮಾರಿ ಕಲಿಸಲಿಕ್ಕ ಬರ್ತದೇನ್ರಿ?”

ಮೂವತ್ತೈದು ವರ್ಷ ಶಾಲೆಯಲ್ಲಿದ್ದ ಮಾಮಾ ಜೇಬಿನ ಪೆನ್ನು ತೆಗೆದು ಮತ್ತೆ ಜೇಬಿಗೇ ಸಿಕ್ಕಿಸಿಕೊಂಡರು. “ಮತ್ತ ನನ್ನ ನೋಡ್ಲಿಕ್ಕ ಬಂದಾಗ ನೀವು ಏನು ನೋಡಿದ್ರಿ? ಗುಣ ಏನು?” ಎಂದು ಕೇಳಿ ಅತ್ತೆ ಒಳಗೆ ಹೋದರು. ಮಾಮಾ ನನ್ನ ಕಡೆ ತಿರುಗಿ ಪಿಸುಗುಟ್ಟಿದರು. “ಎಡಗಿವಿ ಹಿಂದಿನ ಮಚ್ಚಿ ನೋಡಿದ್ದೆ.”

ಮಾಮಾ ಉದ್ದನೆಯ ರಿಜಿಸ್ಟರ್ ಒಂದು ತಂದು ಗೆರೆ ಎಳೆದರು. ನಾಯಿಯ ಹೆಸರು, ತಂದೆಯ ಹೆಸರು (ಗೊತ್ತಿದ್ದಲ್ಲಿ), ದೇಹದ ಮೇಲಿನ ಗುರುತು, ನಡತೆ, ಷರಾ. ಮೊದಲನೆಯ ಸವಾರಿ ವಾಡಿಗೆ. ಅಲ್ಲಿ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಎಂಜಿನ್ ಡ್ರೈವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ನಾಯಿಯ ಚೆಲುವನ್ನು ಏನೆಂದು ಹೇಳಲಿ! ನೆಟ್ಟಗಿನ ಕಿವಿ, ಪೊದೆಯಂಥ ಬಾಲ, ಮಿರಿಮಿರಿ ಮಿಂಚುವ ಮೈ. ನಾವು ಹೋದಾಗ ಪಕ್ಕದ ಹಳಿಯ ಮೇಲೆ ಸಿಮೆಂಟಿನ ಗೂಡ್ಸ್ ಗಾಡಿ ನೆಲ ನಡುಗಿಸುತ್ತಾ ಹೋಗುತ್ತಿತ್ತು. ನಾಯಿ ಗಾಢ ನಿದ್ರೆಯಲ್ಲಿತ್ತು.

“ಭಾಳ ಶಾಂತ ಸ್ವಭಾವ,” ಎಂದು ಮಾಮಾ ಪೆನ್ನು ತೆಗೆದರು.

ಗಾಡಿ ದಾಟಿ ಸದ್ದು ನಿಂತಿತು. ನಾಯಿ ಧಡಕ್ಕನೆ ಎದ್ದು ಬೊಗಳತೊಡಗಿತು. ಬೊಗಳಿತು, ಬೊಗಳಿತು, ಮುಂದಿನ ಗಾಡಿ ಬರುವವರೆಗೂ ಬೊಗಳಿತು. ಗಾಡಿ ಬಂದದ್ದೇ ತಡ, ಮತ್ತೆ ನಿದ್ರೆ!

“ಇದು ಜಂಕ್ಷನ್ ನಾಯಿರಿ ಸರ್,” ಡ್ರೈವರ್ ಸಂಕೋಚದಿಂದ ಹೇಳಿದರು. “ಗದ್ದಲ ಇದ್ರ ಆರಾಮ ಮಲಗ್ತದ. ಸುಮ್ಮಗ ಇದ್ರ ಅಂಜ್ತದ.”

ಸದ್ದೇ ಇಲ್ಲದ ಮನೆಗೆ ಇದನ್ನು ಒಯ್ದು ಕಟ್ಟಿದರೆ ಓಣಿಯವರು ನಮ್ಮನ್ನು ಊರು ಬಿಡಿಸುತ್ತಿದ್ದರು. ಮಾಮಾ ಷರಾದಲ್ಲಿ ‘ನಿಮಿಷಕ್ಕೊಂದು ರೈಲು ಬೇಕು’ ಎಂದು ಬರೆದರು. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದರೆ ಅತ್ತೆ ಅರೆಗಣ್ಣಿನಲ್ಲಿ ನೋಡಿ “ಮೋತಿ ಅಲ್ಲ” ಎಂದರು, ಅಷ್ಟೇ.

ಎರಡನೆಯದು ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ. ನಾಯಿ ಕೊಡುತ್ತೇನೆಂದ ಅಲ್ಲಿನ ರೈತರೊಬ್ಬರು ಮಾಮಾನ ಶಾಲೆಯ ಹಳೆಯ ವಿದ್ಯಾರ್ಥಿ. ಹೆಸರು ಕೇಳಬೇಡಿ, ‘ಬಲಹುಬ್ಬಿನ ಮ್ಯಾಲ ಕಲ್ಲೇಟು’ ಎಂದಷ್ಟೇ ನನಗೂ ಗೊತ್ತು. ಅವರ ಹೊಲದ ನಾಯಿಯನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅರ್ಧ ಕಿವಿ ಇಲ್ಲ, ಬಾಲ ಮೊಂಡು, ಮೂತಿಯ ಮೇಲೆ ಹಂದಿ ಸೀಳಿದ ಗಾಯ. ಮಾಮಾ ಮಾತ್ರ ಚಿನ್ನ ಸಿಕ್ಕವರ ಹಾಗೆ ಹಿಗ್ಗಿದರು. ಗುರುತುಗಳು ಎಷ್ಟಿದ್ದವೆಂದರೆ ಕಾಲಂ ಸಾಲದೆ ಹಾಳೆಯ ಹಿಂಬದಿಗೂ ಬರೆಯಬೇಕಾಯಿತು! ರೊಟ್ಟಿಯ ಪರೀಕ್ಷೆ ಇಟ್ಟರು. ನಾಯಿ ರೊಟ್ಟಿ ನೋಡಿತು, ಮಾಮಾನನ್ನು ನೋಡಿತು, ಸುಮ್ಮನೆ ಕುಳಿತೇ ಇತ್ತು.

“ಹೂಂ, ತಿನ್ನು,” ಎಂದರು ಮಾಮಾ. ಅಲುಗಲಿಲ್ಲ. “ತಿನ್ನಪ್ಪ! ಬಾ ಇಲ್ಲಿ!” ಊಹೂಂ.

“ಅದಕ್ಕ ಕನ್ನಡ ಬರಲ್ರಿ ಸರ್,” ಎಂದರು ಕಲ್ಲೇಟಿನವರು. “ನಮ್ಮ ಮನ್ಯಾಗಿನಾಕಿ ತವರು ತೆಲುಗು ಕಡೀದು. ಆಕೀನೇ ಬೆಳಸ್ಯಾಳ.” ಒಳಗಿನಿಂದ ಅವರ ಹೆಂಡತಿ “ಇಕ್ಕಡ ರಾ!” ಎಂದದ್ದೇ ತಡ, ನಾಯಿ ನೆಗೆದು ಓಡಿತು.

ಭಾಷೆಯೇನು, ಕಲಿತರಾಯಿತು ಎಂದು ಮಾಮಾ ಅಲ್ಲೇ ನಾಲ್ಕು ಮಾತು ಬರೆದುಕೊಂಡರು. ಕಾರಿನ ಬಾಗಿಲು ತೆರೆದು “ಇಕ್ಕಡ ರಾ, ರಾ” ಎಂದು ಇನ್ನಿಲ್ಲದಂತೆ ಗೋಗರೆದರು. ನಾಯಿ ಕಾರಿನ ತನಕ ಬಂದು, ಒಳಗೊಮ್ಮೆ ಮೂಸಿ, ತಿರುಗಿ ಹೋಗಿ ಆ ಹೆಂಗಸಿನ ಕಾಲ ಬಳಿ ಮಲಗಿತು. ಎತ್ತಿ ತಂದರೂ ಇಳಿದು ಹೋಯಿತು. ಮಾಮಾ ಷರಾ ಬರೆದರು: ‘ನಡತೆ ಅತ್ಯುತ್ತಮ. ಆದಕಾರಣ ಬರಲಿಲ್ಲ.’

ವಾಪಸು ಬರುವಾಗ ಮಾಮಾ ಕಾರಿನಲ್ಲಿ ರಿಜಿಸ್ಟರ್ ಮುಚ್ಚಿಟ್ಟರು. “ನೋಡು ಅಳ್ಯಾ, ಗುಣ ಇದ್ದ ನಾಯಿ ತನ್ನವರನ್ನ ಬಿಟ್ಟು ನಮ್ಮ ಹಿಂದ ಬರಲ್ಲ. ಕರದ ಕೂಡಲೇ ಬರೋದಕ್ಕ ಗುಣ ಇಲ್ಲ. ಅಂದ್ರ ಗುಣ ನೋಡಿ ನಾಯಿ ತರಲಿಕ್ಕೇ ಬರಲ್ಲ! ನಿಮ್ಮತ್ತಿ ಅಂದದ್ದೇ ಖರೇ. ಮಾರಿ ನೋಡೂಣು.”

ಹೀಗೆ ಮಾರಿ ಹುಡುಕುತ್ತಾ ಹೋದದ್ದು ಶಹಾಬಾದಿಗೆ. ಅಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಒಂದು ಅಂಗಳದಲ್ಲಿ ಬೂದಿ ಬಣ್ಣದ, ಹಣೆಗೆ ಬಿಳಿ ಚುಕ್ಕೆಯ ಮರಿ ಇದೆಯೆಂದು ಪರಿಚಯದವರು ಹೇಳಿದ್ದರು. ಅದೊಂದು ರವಿವಾರ ಅತ್ತೆಯೂ ಸೀರೆ ಬದಲಿಸಿ ಬಂದು ಕಾರಿನಲ್ಲಿ ಕುಳಿತಾಗ ಮಾಮಾ ನನ್ನ ತೊಡೆ ಚಿವುಟಿದರು. ಅಂಗಳದಲ್ಲಿ ಮಷೀನಿನ ಸದ್ದು, ಹಾರುವ ಕಲ್ಲುಪುಡಿ, ಕಾಲಿಟ್ಟಲ್ಲಿ ಬೂದು ಕೆಸರು. ಚಪ್ಪಡಿಗಳ ಸಂದಿಯಿಂದ ಮರಿ ಕುಣಿಯುತ್ತಾ ಬಂತು. ಅದೇ ಬಣ್ಣ! ಅದೇ ಚುಕ್ಕೆ! ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. “ಇವನೇ,” ಎಂದರು. ಸೇಡಂ ಮುಟ್ಟುವ ತನಕ ಅದನ್ನು ತೊಡೆಯಿಂದ ಇಳಿಸಲಿಲ್ಲ. ಮಾಮಾ ರಿಜಿಸ್ಟರಿನಲ್ಲಿ ‘ಹಣೆಯ ಮೇಲೆ ಬಿಳಿ ಚುಕ್ಕೆ’ ಎಂದು ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದರು.

ಮಧ್ಯಾಹ್ನ ನಳದ ಕೆಳಗೆ ಮರಿಗೆ ಸ್ನಾನ. ಮಾಮಾನೇ ಸಾಬೂನು ಹಚ್ಚಿದರು. ಒಂದು ತಂಬಿಗೆ ನೀರು ಹೊಯ್ದರೆ ಬೂದು ನೀರು ಹರಿಯಿತು. ಎರಡನೆಯ ತಂಬಿಗೆಗೂ ಬೂದು. ಮೂರನೆಯದಕ್ಕೆ ಮರಿಯ ಬೆನ್ನು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು! ಮಾಮಾ ಗಾಬರಿಯಾಗಿ ಹಣೆ ಉಜ್ಜಿದರು. ಚುಕ್ಕೆ ಅವರ ಹೆಬ್ಬೆರಳಿಗೆ ಬಂತು, ಬರೀ ಸುಣ್ಣ!

“ಗುರುತು ಹೋಯ್ತು!” ಎಂದು ಚೀರಿದರು. “ಮೂವತ್ತೈದು ವರ್ಷ ಸರ್ವಿಸಿನಾಗ ಒಬ್ಬನ ಗುರುತೂ ತೊಳದು ಹೋಗಿದ್ದಿಲ್ಲ ಅಳ್ಯಾ!”

ಕಲ್ಲುಪುಡಿ ಕಳಚಿದ ಮೇಲೆ ಉಳಿದದ್ದು ಡೊಳ್ಳು ಹೊಟ್ಟೆ, ಸೊಟ್ಟ ಕಾಲು, ಒಂದು ಮೇಲೆ ಒಂದು ಕೆಳಗೆ ಇರುವ ಕಿವಿ. ಮೈ ಝಾಡಿಸಿಕೊಂಡು ಅದು ನೆಟ್ಟಗೆ ಹೋಗಿ ರಿಜಿಸ್ಟರಿನ ಮೇಲೆ ಉಚ್ಚೆ ಹೊಯ್ದಿತು. ನಾನು ನಗಲು ಬಾಯಿ ತೆರೆದವನು ಹೊಸ್ತಿಲ ಕಡೆ ನೋಡಿದೆ. ಅತ್ತೆ ಟಾವೆಲ್ ಹಿಡಿದು ನಿಂತಿದ್ದರು. “ಇವನಲ್ಲ,” ಎಂದು ಟಾವೆಲನ್ನು ಬಾಗಿಲ ಮೇಲೆ ಹಾಕಿ ಒಳಗೆ ಹೋದರು. ಸಂಜೆಯವರೆಗೆ ಹೊರಗೆ ಬರಲಿಲ್ಲ. ನನಗೆ ನಮ್ಮಿಬ್ಬರ ಮೇಲೂ ಸಿಟ್ಟು ಬಂತು. ಇರುವ ದುಃಖದ ಮೇಲೆ ಇನ್ನೊಂದನ್ನು ಮನೆತನಕ ಹೊತ್ತು ತಂದುಕೊಟ್ಟಿದ್ದೆವು.

ಮಾಮಾ ಒದ್ದೆ ಹಾಳೆಯ ಮೇಲೆ, ಬದುಕಿನಲ್ಲಿ ಮೊದಲ ಸಲ, ‘ನಡತೆ: ತೃಪ್ತಿಕರವಲ್ಲ’ ಎಂದು ಬರೆದರು. “ಮುಂದಿನ ರವಿವಾರ ಗಾಡಿ ತಗೊಂಡು ಬಾ. ತಿರುಗಿ ಬಿಟ್ಟು ಬರೂಣು,” ಎಂದರು. ಅವರ ದನಿಯೂ ಅತ್ತೆಯ ದನಿಯಷ್ಟೇ ಸಣ್ಣಗಾಗಿತ್ತು.

ಸೋಮವಾರ ಫೋನು ಬಂತು. ಮರಿ ಮಾಮಾನ ಎಡಗಾಲಿನ ಚಪ್ಪಲಿ ತಿಂದಿತ್ತು. ಮಂಗಳವಾರ ಬಲಗಾಲಿನದು. “ನಿಮ್ಮತ್ತಿ ಅದರ ಕಡೆ ಮಾರಿ ಎತ್ತಿ ಸುದಾ ನೋಡವಲ್ಲಳು,” ಎಂದರು. ಬುಧವಾರ ಫೋನೇ ಇಲ್ಲ.

ಗುರುವಾರ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ಫೋನು ಬಂತು. ಮಾಮಾ ಕಳ್ಳರ ಹಾಗೆ ಪಿಸುಗುಡುತ್ತಿದ್ದರು. “ಅಳ್ಯಾ, ಮಾತಾಡಬ್ಯಾಡ. ಸುಮ್ಕ ಕೇಳು.”

ದೂರದಲ್ಲಿ ಮರಿ ಕುಂಯ್ಗುಡುವುದು ಕೇಳಿಸಿತು. ಅದರ ಮೇಲೆ, ಓಣಿಯ ಕೊನೆಗೂ ಕೇಳುವಂತೆ, ಅತ್ತೆ!

“ಏ ಭಾಡ್ಯಾ! ಮೆಣಸಿನಕಾಯಿ ಒಣಹಾಕೀನಿ ಅಂತ ಕಣ್ಣಿಗಿ ಕಾಣಲ್ಲೇನು ನಿನಗ? ಕಡದಿ? ಹತ್ತಿತೇನು ಖಾರ? ಹತ್ತಲಿ! ತಂದ್ರ ನೋಡು ಶಹಾಬಾದಕ್ಕ ಹೋಗಿ, ಮಹಾ ಜಾಣ್ರು! ಜಗತ್ತಿನ ಮಚ್ಚಿ ಎಲ್ಲಾ ಕಾಣ್ತಾವ, ಸುಣ್ಣದ ಪುಡಿ ಕಾಣಲ್ಲ ಇವ್ರಿಗಿ! ಕಾಲೇಜಿನಾಗ ಪಾಠ ಹೇಳ್ತಾನಂತ ಒಬ್ಬ, ಅವಂಗೂ ಕಾಣಲ್ಲ! ಮೋತಿ ಹನ್ನೆರಡು ವರ್ಷ ಒಂದು ಮೆಣಸಿನಕಾಯಿ ಮುಟ್ಟಿದ್ದಿಲ್ಲ, ತಿಳೀತೇನು? ಒದರಬ್ಯಾಡ, ಒದರಬ್ಯಾಡ. ಬಾ ಇಲ್ಲಿ. ಬಾಯಿ ತಗಿ. ನಾಲಿಗಿ ನೋಡೂಣು. ಅಯ್ಯ ಶಿವನೇ, ಕೆಂಪಗ ಆಗ್ಯದಲ್ಲೋ ನನ್ನಪ್ಪ! ತಗೋ, ಮಸರು ತಿನ್ನು. ಹಸಿವಿ ಆಗಿತ್ತೇನು? ಹಂಗಂತ ನನಗ ಹೇಳಬಾರ್ದೇನು ಮತ್ತ?”

ಮರಿಯ ಕೂಗು ನಿಂತು, ಬಟ್ಟಲು ನೆಕ್ಕುವ ಸದ್ದು ಬಂತು. ಅತ್ತೆಯ ಮಾತು ನಿಲ್ಲಲಿಲ್ಲ.

“ನನಗೂ ಬೈದಳು, ಕೇಳಿದೇನು?” ಎಂದರು ಮಾಮಾ. ಮೂವತ್ತೈದು ವರ್ಷ ಸಾವಿರಾರು ಹುಡುಗರ ಗದ್ದಲದ ನಡುವೆ ಕುಳಿತು ಬರೆದ ಮನುಷ್ಯ, ಮೂಗು ಎಳೆದುಕೊಳ್ಳುತ್ತಿದ್ದರು. “ಬೈಸಿಕೊಂಡು ಮೂರೂವರಿ ತಿಂಗಳು ಆಗಿತ್ತು ಅಳ್ಯಾ. ರವಿವಾರ ಗಾಡಿ ತರಬ್ಯಾಡ.”

ಆಮೇಲೆ ಅವರು ಫೋನು ಇಡಲಿಲ್ಲ. ನನಗೂ ಇಡಲು ಮನಸ್ಸಾಗಲಿಲ್ಲ. ಊಟದ ಬಿಡುವು ಮುಗಿದು ಗಂಟೆ ಹೊಡೆಯಿತು, ಸಹೋದ್ಯೋಗಿಗಳು ಎದ್ದು ಹೋದರು. ನಾವಿಬ್ಬರೂ ಅತ್ತೆಯ ಬೈಗುಳವನ್ನು ಕೇಳುತ್ತಾ ಕುಳಿತೇ ಇದ್ದೆವು.