ಅಡುಗೆಮನೆಯ ಕಿಟಕಿಗೆ ಕೋರ್ಟಿನ ನಕಲು

ಕಾಯುವುದೂ ಒಂದು ವಿದ್ಯೆ ಎಂದು ನನಗೆ ತಿಳಿದದ್ದು ತೀರಾ ತಡವಾಗಿ, ಅದೂ ಕೋರ್ಟಿನ ಜಗಲಿಯ ಮೇಲೆ. ಹಾಲು ಕಾಯಿಸಲು ಇಟ್ಟು ಒಲೆಯ ಮುಂದೆ ನಿಂತಿರು ಎಂದರೆ ನಾನು ನಿಲ್ಲಲಾರೆ. ಪೇಪರಿನವನು ಬಂದನೇ ಎಂದು ಬೀದಿ ಬಾಗಿಲಿಗೆ ಹೋಗಿ ನೋಡುವ ಹೊತ್ತಿಗೇ ಆ ಹಾಲು ಉಕ್ಕುತ್ತದೆ. ಕ್ಷೌರದಂಗಡಿಯಲ್ಲಿ ನನ್ನ ಸರದಿ ಬಂದಾಗ ನಾನು ಎದುರಂಗಡಿಯಲ್ಲಿ ಈರುಳ್ಳಿಯ ಧಾರಣೆ ವಿಚಾರಿಸುತ್ತಿರುತ್ತೇನೆ. ಬಸ್ ಸ್ಟ್ಯಾಂಡಿನಲ್ಲಂತೂ ನಿಂತ ಬಸ್ಸಿಗಿಂತ ಹೊರಟ ಬಸ್ಸೇ ವಾಸಿ ಎಂಬುದು ನನ್ನ ಸಿದ್ಧಾಂತ. ಒಮ್ಮೆ ಚಿಕ್ಕಬಳ್ಳಾಪುರದಲ್ಲಿ ನಮ್ಮೂರು ಶಿಡ್ಲಘಟ್ಟದ ಬಸ್ಸು ಡ್ರೈವರಿಲ್ಲದೆ ನಿಂತಿದ್ದನ್ನು ಸಹಿಸಲಾರದೆ, ಪಕ್ಕದಲ್ಲಿ ಹೊರಟಿದ್ದ ಬಸ್ಸಿಗೆ ಹಾರಿ ಹತ್ತಿದೆ. ಕಂಡಕ್ಟರು ಟಿಕೆಟ್ಟಿಗೆ ಬಂದಾಗ ಅದು ಗೌರಿಬಿದನೂರಿಗೆ ಹೋಗುವ ಬಸ್ಸೆಂದು ಗೊತ್ತಾಯಿತು. ನಡುವೆ ಇಳಿದರೆ ಮತ್ತೆ ಕಾಯಬೇಕಲ್ಲ ಎಂದು ಗೌರಿಬಿದನೂರಿಗೇ ಹೋಗಿ, ಒಂದು ಲೋಟ ಕಾಫಿ ಕುಡಿದು, ಹೊತ್ತು ಮುಳುಗಿದ ಮೇಲೆ ಮನೆ ಸೇರಿದೆ. ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಹುಡುಗರು ಲೆಕ್ಕ ಬಿಡಿಸುವವರೆಗೆ ಕಾಯಲಾರದೆ ನಾನೇ ಬೋರ್ಡಿನ ಮೇಲೆ ಉತ್ತರ ಬರೆದುಬಿಡುತ್ತಿದ್ದೆ. ಹಾಗಾಗಿ ಹುಡುಗರಿಗೆ ನನ್ನ ಮೇಲೆ ಬಹಳ ಪ್ರೀತಿ, ಹೆಡ್ಮಾಸ್ಟರಿಗೆ ಅಷ್ಟೇನೂ ಇರಲಿಲ್ಲ.

ಇಂಥ ನನ್ನನ್ನು ಕೋರ್ಟಿಗೆ ಕಳಿಸಿದ್ದು ನಮ್ಮ ಅಡುಗೆಮನೆಯ ಹೊಗೆ. ತಾತ ಕಟ್ಟಿಸಿದ ಆ ಮನೆಯಲ್ಲಿ ದೇವರ ಗೂಡಿಗೂ ಗಾಳಿ ಬರುತ್ತಿತ್ತು, ಅಡುಗೆಮನೆಗೆ ಮಾತ್ರ ಒಂದು ಕಿಟಕಿ ಇರಲಿಲ್ಲ. ಗ್ಯಾಸಿಗೆ ಹೆಸರು ಬರೆಸಿದ್ದೆವು. ಆ ಕಾಲದಲ್ಲಿ ಅದು ಬರುವುದರೊಳಗೆ ಮೊಮ್ಮಕ್ಕಳು ಹುಟ್ಟುತ್ತಾರೆ ಎಂದು ಜನ ಹೇಳುತ್ತಿದ್ದರು. ಸೌದೆ ಒಲೆಯ ಮುಂದೆ ನನ್ನ ಹೆಂಡತಿ ವಿಶಾಲು ಕೆಮ್ಮುವುದು ಕೇಳಿದರೆ ನನಗೇ ಎದೆ ಹಿಡಿದ ಹಾಗಾಗುತ್ತಿತ್ತು. ಮಳೆಗಾಲದಲ್ಲಿ ಸೌದೆ ಹಸಿಯಾದರೆ ಕೇಳುವುದೇ ಬೇಡ, ರಾತ್ರಿಯೆಲ್ಲ ಕೆಮ್ಮು. ಡಾಕ್ಟರು ಔಷಧಿ ಬರೆಯುವ ಮೊದಲೇ, "ಅಮ್ಮಾ, ನಿಮ್ಗೆ ಸಿರಪ್ಪಲ್ಲ, ಕಿಟಕಿ ಬೇಕು," ಎಂದರು. ಬೇಸಿಗೆ ರಜ ಹತ್ತಿರ ಬಂದಿತ್ತು. ವಿಶಾಲು ಸ್ಪಷ್ಟವಾಗಿ ಹೇಳಿದಳು: "ರೀ, ಈ ಸಲ ಮಳೆ ಬೀಳೋದ್ರೊಳಗೆ ಕಿಟಕಿ ಆಗ್ಬೇಕು. ಇಲ್ದಿದ್ರೆ ನೀವೇ ಕೂತ್ಕೊಂಡು ಮುದ್ದೆ ತೊಳಸಿ." ನನ್ನಂಥವನಿಗೆ ಒಂದೇ ಜಾಗದಲ್ಲಿ ಕೂತು ಮುದ್ದೆ ತೊಳಸುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದು ಅವಳಿಗೆ ಗೊತ್ತು.

ಕಿಟಕಿ ಇಡಬಹುದಾಗಿದ್ದದ್ದು ಒಂದೇ ಗೋಡೆಗೆ. ಅದರ ಆಚೆ ನಾರಾಯಣಪ್ಪನವರ ಹಿತ್ತಿಲು. ನಾರಾಯಣಪ್ಪ ರೇಷ್ಮೆ ಹುಳ ಸಾಕುವವರು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅವರು ಒರಗಿಸಿಡುತ್ತಿದ್ದುದು ನಮ್ಮ ಅಡುಗೆಮನೆಯ ಗೋಡೆಗೇ. ಒಳ್ಳೆಯ ಮನುಷ್ಯ, ಆದರೆ ಕಿಟಕಿಯ ಮಾತೆತ್ತಿದ ಕೂಡಲೇ ಮುಖ ಬೇರೆಯಾಯಿತು. "ಬೇಡಿ ಮೇಷ್ಟ್ರೇ. ನಿಮ್ಮನೆ ಒಗ್ಗರಣೆ ಘಾಟು ಬಂತು ಅಂದ್ರೆ ನಮ್ಮ ಹುಳ ಸೊಪ್ಪೇ ಮುಟ್ಟಲ್ಲ. ವರ್ಷದ ಅನ್ನ ಅದು," ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಏನಾದರೂ ದಾರಿ ಹುಡುಕುತ್ತಿದ್ದೆ. "ಅಲ್ದೆ ನಮ್ಮ ತಾತ ಕೋರ್ಟಲ್ಲಿ ಗೆದ್ದವ್ರೆ. ಈ ಗೋಡೆಗೆ ಕಿಟಕಿ ಇಡ್ಬಾರ್ದು ಅಂತ ಡಿಕ್ರೀನೇ ಆಗೋಗಿದೆ," ಎಂದು ಸೇರಿಸಿದರು. ನನಗೆ ನಖಶಿಖಾಂತ ಉರಿಯಿತು. ಏಕೆಂದರೆ ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ಮಗುವೂ ಕೇಳುತ್ತ ಬೆಳೆದದ್ದು, ಆ ಕೇಸಿನಲ್ಲಿ ಗೆದ್ದವರು ನಮ್ಮ ತಾತ ಎಂದು.

ನನ್ನ ಚಿಕ್ಕಪ್ಪ ಚಿಂತಾಮಣಿಯಲ್ಲಿದ್ದರು. ಆ ಕೇಸಿನ ಕಥೆಗೆ ಅವರೇ ಆಧಾರ. ಆ ದಿನವೇ ಬಸ್ಸು ಹತ್ತಿ ಹೋದೆ. ಚಿಕ್ಕಪ್ಪ ಎಲೆಯಡಿಕೆ ಜಗಿಯುತ್ತ ಹೇಳಿದರು: "ಚಿಕ್ಕಬಳ್ಳಾಪುರದ ಕೋರ್ಟಲ್ಲಿ ಕಣೋ ನಡೆದಿದ್ದು. ಅಪ್ಪ ಎದ್ದು ನಿಂತು ಮಾತಾಡಿದ್ರೆ ಮುನ್ಸೀಫ್ರು ಪೆನ್ನು ಕೆಳಗಿಟ್ಟು ಕೇಳೋರಂತೆ. ಆ ಕಡೆಯವ್ರು ಬಾಯಿ ಬಿಡಕ್ಕಾಗ್ಲಿಲ್ಲ." ನೀವು ನೋಡಿದ್ದಿರಾ ಎಂದು ಕೇಳಿದೆ. "ನಾನೆಲ್ಲಿ ನೋಡ್ಲಪ್ಪ, ಆಗ ನಾನು ತೊಟ್ಟಿಲಲ್ಲಿದ್ದೆ." ತೀರ್ಪಿನ ಕಾಗದ ಇದೆಯೇ ಎಂದೆ. "ಗೆದ್ದೋರಿಗೆ ಕಾಗದ ಯಾಕೋ?" ಎಂದು ನನ್ನನ್ನೇ ಗದರಿದರು. ಗೆದ್ದಿದ್ದರೆ ಕಿಟಕಿ ಯಾಕಿಲ್ಲ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೀದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು, ಎದ್ದು ಓಡಿದೆ. ದಾರಿಯುದ್ದಕ್ಕೂ ಆ ಪ್ರಶ್ನೆ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಚುಚ್ಚುತ್ತಿತ್ತು. ಎರಡು ಮನೆಗಳು ಎರಡು ತಲೆಮಾರಿನಿಂದ ಒಂದು ತೀರ್ಪನ್ನು ಭಜಿಸುತ್ತ ಬಂದಿದ್ದವು, ಓದಿದವರು ಮಾತ್ರ ಒಬ್ಬರೂ ಇರಲಿಲ್ಲ.

ನಮ್ಮ ಕಡೆ ಕೋರ್ಟಿಗೆ ಎರಡೇ ಕಾರಣಕ್ಕೆ ಹೋಗುತ್ತಾರೆ, ಕೇಸು ಹಾಕಲು ಅಥವಾ ಹಾಕಿಸಿಕೊಳ್ಳಲು. ಸುಮ್ಮನೆ ಒಂದು ಹಳೆಯ ಕಾಗದ ನೋಡಿ ಬರಲು ಯಾರಾದರೂ ಹೋಗುತ್ತಾರೆಂದರೆ ಊರು ನಂಬುವುದಿಲ್ಲ. ನನಗೂ ಅಲ್ಲಿ ಬಿಡುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಅಪರಾಧಿಯ ಮುಖ ಮಾಡಿಕೊಂಡು, ಚಿಕ್ಕಬಳ್ಳಾಪುರದ ಕೋರ್ಟಿನ ನಕಲು ವಿಭಾಗದ ಮುಂದೆ ನಿಂತೆ. ಅಲ್ಲಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ದಾವಾ ನಂಬರು?" ಎಂದರು. ಗೊತ್ತಿಲ್ಲ ಎಂದೆ. "ಇಸವಿ?" ಎಂದರು. "ನಮ್ಮ ತಾತ ಗಟ್ಟಿಮುಟ್ಟಾಗಿದ್ದಾಗ," ಎಂದೆ. ಅವರು ನಗಲಿಲ್ಲ, ಇಂಥ ಇಸವಿಗಳನ್ನು ಅವರು ಬಹಳ ಕೇಳಿದ್ದರೆಂದು ಕಾಣುತ್ತದೆ. "ನೋಡಿ ಸ್ವಾಮಿ, ಇದ್ರಲ್ಲಿ ಗುಟ್ಟೇನೂ ಇಲ್ಲ. ಮುಗಿದ ದಾವಾ ಕಾಗದ ಯಾರು ಬೇಕಾದ್ರೂ ಕೇಳ್ಬೋದು. ಅರ್ಜಿ ಬರೀರಿ, ಸ್ಟ್ಯಾಂಪು ಅಂಟಿಸಿ, ಯಾಕೆ ಬೇಕು ಅಂತ ಒಂದು ಮಾತು ಬರೀರಿ. ತಾತನ ಹೆಸರು, ಆ ಕಡೆಯವರ ಹೆಸರು, ಊರು ಕೊಡಿ. ನಾವು ರಿಜಿಸ್ಟರಿನಲ್ಲಿ ಹುಡುಕ್ತೀವಿ. ನಕಲು ತಯಾರಾದ ದಿನ ಹೆಸರು ಕೂಗ್ತಾರೆ. ಆದ್ರೆ ಕಾಯ್ಬೇಕು," ಎಂದರು. ಎಲ್ಲ ಸರಿಯಾಗಿತ್ತು, ಆ ಕೊನೆಯ ಮಾತೊಂದನ್ನು ಬಿಟ್ಟು.

ಹೊರಗೆ ಹುಣಸೆಮರದ ಕೆಳಗೆ ಅರ್ಜಿ ಬರೆಯುವವರು ಕೂತಿದ್ದರು. ಮೇಷ್ಟ್ರಾದ ನಾನು ಅವರ ಕೈಲಿ ಬರೆಸುವುದೇ ಎಂದು ಜಂಬದಿಂದ ನಾನೇ ಬರೆದೆ. 'ಕಾರಣ' ಎಂಬಲ್ಲಿ ಹೊಗೆ, ಕೆಮ್ಮು, ಡಾಕ್ಟರು, ಹಸಿ ಸೌದೆ, ನಾರಾಯಣಪ್ಪನವರ ಹುಳ, ನಮ್ಮ ತಾತನ ವಾಗ್ಮಿತೆ ಎಲ್ಲವನ್ನೂ ಸೇರಿಸಿದೆ. ಹಾಳೆಯ ಹಿಂಬದಿಗೂ ಹೋಯಿತು. ಗುಮಾಸ್ತರು ಅದನ್ನು ಪೂರ್ತಿ ಓದಿ, ಎಲ್ಲಕ್ಕೂ ಅಡ್ಡಗೆರೆ ಎಳೆಸಿ, ಪಕ್ಕದಲ್ಲಿ 'ತಿಳುವಳಿಕೆಗಾಗಿ' ಎಂಬ ಒಂದೇ ಪದ ಬರೆಸಿದರು. "ಮನೇಲಿ ಅಮ್ಮೋರಿಗೆ ಶುಂಠಿ ಕಷಾಯ ಕೊಡಿ," ಎಂದೂ ಹೇಳಿದರು.

ನಾನು ಕೋರ್ಟಿನಿಂದ ಮನೆಗೆ ಬರುವುದರೊಳಗೆ ಸುದ್ದಿ ನನಗಿಂತ ಮೊದಲು ಬಂದಿತ್ತು. ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದಿದ್ದ ಯಾರೋ ನನ್ನನ್ನು ಹುಣಸೆಮರದ ಕೆಳಗೆ ಕಂಡರಂತೆ. ಸಂಜೆಗೆ ಬೀದಿಯೆಲ್ಲ, "ಮೇಷ್ಟ್ರು ನಾರಾಯಣಪ್ಪನ ಮೇಲೆ ಕೇಸು ಜಡಿದವ್ರೆ." ಅಂದಿನಿಂದ ಆ ಮನೆಯ ಹೆಂಗಸರು ನೀರು ಹಿಡಿಯುವಾಗ ವಿಶಾಲೂನ ಕಡೆ ಬೆನ್ನು ತಿರುಗಿಸಿದರು. ಅವಳ ಕೆಮ್ಮಿನ ಜೊತೆಗೆ ಈಗ ಮುನಿಸೂ ಸೇರಿತು. "ಕಿಟಕಿ ತರ್ತೀನಿ ಅಂತ ಹೋಗಿ, ಇದ್ದ ಬಾಗ್ಲೂ ಹಾಕಿಸ್ಕೊಂಡು ಬಂದ್ರಿ," ಎಂದಳು. ಕೇಸಲ್ಲ, ಬರೀ ನಕಲು ಎಂದು ನಾನು ಬೀದಿಯವರಿಗೆಲ್ಲ ವಿವರಿಸಿದೆ. ವಿವರಿಸಿದಷ್ಟೂ ಅವರಿಗೆ ಕೇಸು ದೊಡ್ಡದೆಂದು ಖಾತ್ರಿಯಾಯಿತು. ನನಗೋ ನಿಂತಲ್ಲಿ ನಿಲ್ಲಲಾಗದು. ಸ್ಕೂಲು ಬಿಟ್ಟೊಡನೆ ಎಷ್ಟೋ ಸಲ ಚಿಕ್ಕಬಳ್ಳಾಪುರಕ್ಕೆ ಹೋಗಿ "ಆಯಿತೇ?" ಎಂದು ಕೇಳಿ ಬಂದೆ. ನನ್ನನ್ನು ಕಂಡರೆ ಗುಮಾಸ್ತರು ಕನ್ನಡಕ ತೆಗೆದು ಒರೆಸತೊಡಗುತ್ತಿದ್ದರು. ಕೊನೆಗೆ, "ಬೇಸಿಗೆ ರಜಕ್ಕೆ ಮುಂಚೆ ಕೊನೇ ದಿನ ಬನ್ನಿ, ಸಿಗತ್ತೆ. ಅವತ್ತು ಕೂಗಿದಾಗ ಇಲ್ಲದಿದ್ರೆ ಇನ್ನು ಕೋರ್ಟು ತೆಗೆದ ಮೇಲೇನೇ," ಎಂದರು. ಕೋರ್ಟು ತೆಗೆಯುವ ಹೊತ್ತಿಗೆ ಮಳೆಯೂ ಬಂದಿರುತ್ತದೆ. ಅಂದರೆ ಆ ವರ್ಷದ ಕಿಟಕಿ ಆ ಒಂದು ಕೂಗಿನ ಮೇಲೆ ನಿಂತಿತ್ತು.

ಆ ದಿನ ಬೆಳಿಗ್ಗೆಯೇ ಹೋದೆ. ಜಗಲಿಯ ಬೆಂಚಿನ ಮೇಲೆ ನೋಡಿದರೆ ನಾರಾಯಣಪ್ಪ! ಪಕ್ಕದಲ್ಲಿ ಬುತ್ತಿಯ ಗಂಟು. ಇಬ್ಬರೂ ಬೆಚ್ಚಿದೆವು. ನಾನು ಕೇಸು ಹಾಕಿದ್ದೇನೆಂದು ನಂಬಿ ಅವರು ವಕೀಲರನ್ನು ಕಂಡಿದ್ದರು. ವಕೀಲರು ಮೊದಲು ಹಳೆಯ ಡಿಕ್ರಿ ತನ್ನಿ ಎಂದು ಅವರನ್ನೂ ಇಲ್ಲಿಗೇ ಅಟ್ಟಿದ್ದರು. "ನಿಮ್ಮನೇಲಿ ನಕಲು ಇತ್ತಲ್ವಾ?" ಎಂದೆ. "ಏಡುಂದಿ ಮೇಷ್ಟ್ರೇ," ಎಂದು ತೆಲುಗಿನಲ್ಲಿ ನಿಟ್ಟುಸಿರು ಬಿಟ್ಟು, "ಎಲ್ಲಿದೆ? ತಾತ ಹೇಳ್ದ, ಅಪ್ಪ ನಂಬ್ದ, ನಾನು ನಂಬ್ದೆ," ಎಂದರು. ಬೇರೆ ಜಾಗವಿಲ್ಲದೆ ಒಂದೇ ಬೆಂಚಿನ ಎರಡು ತುದಿಗೆ ಕೂತೆವು. ಅವರು ಹುಳ ಸಾಕಿದ ಮನುಷ್ಯ. ಹುಳ ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಸೊಪ್ಪು ಮುಟ್ಟದೆ ಮಲಗಿದರೆ, ಏಳುವವರೆಗೆ ಕಾಯುವುದು ಅವರಿಗೆ ಅಭ್ಯಾಸ. ಕೈಕಟ್ಟಿ ಕೂತವರು ಕದಲಲಿಲ್ಲ. ನಾನು ಕೂತೆ, ಎದ್ದೆ, ನೋಟೀಸ್ ಬೋರ್ಡು ಓದಿದೆ, ಓದಿದ್ದನ್ನೇ ಓದಿದೆ, ಅದರಲ್ಲಿದ್ದ ಕಾಗುಣಿತ ತಿದ್ದಿದೆ. ಮಧ್ಯಾಹ್ನ ಕಳೆಯಿತು, ಕೂಗಲಿಲ್ಲ. ಒಂದು ಗುಟುಕು ಟೀ ಕುಡಿದು ಬರುವುದರೊಳಗೆ ಏನು ಆಕಾಶ ಬೀಳುತ್ತದೆ ಎಂದು ಗೇಟಿನಾಚೆಯ ಅಂಗಡಿಗೆ ಹೋದೆ.

ಟೀ ಲೋಟ ತುಟಿಗೆ ತಾಗಿತ್ತು, ಅಷ್ಟೇ. "ಮೇಷ್ಟ್ರೇ! ಓ ಮೇಷ್ಟ್ರೇ! ಬನ್ರೀ, ಕೂಗ್ತಾವ್ರೆ!" ಎಂದು ನಾರಾಯಣಪ್ಪನವರ ಧ್ವನಿ ಕೋರ್ಟಿನ ಹೆಂಚು ಹಾರುವಂತೆ ಕೇಳಿಸಿತು. ಲೋಟ ಹಿಡಿದೇ ಓಡಿದೆ. ಲೋಟಕ್ಕಾಗಿ ಅಂಗಡಿಯವನು ನನ್ನ ಹಿಂದೆ ಓಡಿ ಬಂದ. ಬಾಗಿಲಲ್ಲಿ ಜವಾನ ಮೂರನೆಯ ಸಲ ನನ್ನ ಹೆಸರು ಕೂಗಿ, ಒಳಗೆ ಹೋಗಲು ತಿರುಗಿದ್ದ. ನಾರಾಯಣಪ್ಪ ಬಾಗಿಲಿಗೆ ಅಡ್ಡವಾಗಿ ನಿಂತು, "ಇಲ್ಲೇ ಅವ್ರೆ ಸ್ವಾಮಿ, ಒಂದ್ನಿಮಿಷ, ಬೆಳಿಗ್ಗೆಯಿಂದ ಕಾದವ್ರೆ ಪಾಪ," ಎಂದು ಬೇಡಿಕೊಳ್ಳುತ್ತಿದ್ದರು. ಏದುಸಿರು ಬಿಡುತ್ತ ರುಜು ಹಾಕಿ ಕಾಗದ ತೆಗೆದುಕೊಂಡೆ. ಅದು ಒಂದೇ ಹಾಳೆ. "ಕಡತ ಯಾವತ್ತೋ ನಾಶ ಮಾಡಿದಾರೆ. ರಿಜಿಸ್ಟರಿನಲ್ಲಿ ಇದ್ದಿದ್ದು ಇಷ್ಟೇ," ಎಂದರು ಗುಮಾಸ್ತರು.

ಬೆಂಚಿನ ಮೇಲೆ ಕೂತು ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದೆವು. ವಾದಿ ನಮ್ಮ ತಾತ, ಪ್ರತಿವಾದಿ ಅವರ ತಾತ. ಅಡುಗೆಮನೆಯ ಗೋಡೆಗೆ ಕಿಟಕಿ ಇಡಲು ಪ್ರತಿವಾದಿಯು ಅಡ್ಡಿ ಮಾಡಬಾರದೆಂದು ದಾವಾ. ಅದರ ಕೆಳಗೆ ಇಡೀ ನಮ್ಮ ವಂಶದ ಮಹಾಕಾವ್ಯ ಒಂದು ಸಾಲಿನಲ್ಲಿತ್ತು: 'ಮೂರು ಸಲ ಕೂಗಿಸಲಾಯಿತು. ಪ್ರತಿವಾದಿ ಹಾಜರು. ವಾದಿ ಗೈರುಹಾಜರು. ದಾವಾ ವಜಾ.' ಮುನ್ಸೀಫರು ಪೆನ್ನು ಕೆಳಗಿಟ್ಟದ್ದು ನಿಜವೇ ಇರಬೇಕು, ಬರೆಯಲು ಮತ್ತೇನೂ ಇರಲಿಲ್ಲ. ತಾತ ಎಲ್ಲಿಗೆ ಹೋಗಿದ್ದರೆಂದು ರಿಜಿಸ್ಟರು ಹೇಳುವುದಿಲ್ಲ. ನನಗೆ ಯಾರೂ ಹೇಳಬೇಕಾಗಿಯೂ ಇಲ್ಲ. ನನ್ನ ಕೈಯಲ್ಲಿನ್ನೂ ಟೀ ಲೋಟವಿತ್ತು. ಅಂಗಡಿಯವನು ಅದನ್ನು ಕಿತ್ತುಕೊಂಡು ಹೋದ.

"ಅಂದ್ರೆ ಯಾರೂ ಗೆದ್ದಿಲ್ಲ," ಎಂದರು ನಾರಾಯಣಪ್ಪ. ಆಮೇಲೆ ಮೆಲ್ಲಗೆ, "ನಮ್ಮ ತಾತ ಇಲ್ಲೇ ಕೂತಿದ್ನಲ್ಲ ಮೇಷ್ಟ್ರೇ. 'ಇಲ್ಲೇ ಅವ್ರೆ ಸ್ವಾಮಿ' ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು," ಎಂದರು. ಆ ಮಾತನ್ನು ಅವರು ಈಗಷ್ಟೇ, ನನ್ನನ್ನು ಎದುರಾಳಿ ಎಂದುಕೊಂಡೇ, ನನಗಾಗಿ ಆಡಿದ್ದರು. ಬುತ್ತಿ ಬಿಚ್ಚಿ ಅರ್ಧ ನನಗೆ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನಾನು ಹೊರಟಿದ್ದ ಬಸ್ಸೊಂದರ ಕಡೆ ಹೆಜ್ಜೆ ಹಾಕಿದಾಗ ತೋಳು ಹಿಡಿದು, "ಕೂತ್ಕಳಿ, ಈ ನಿಂತಿರೋದೇ ನಮ್ಮೂರಿಗೆ ಹೋಗೋದು," ಎಂದರು. ಬಸ್ಸು ಊರು ಸೇರುವುದರೊಳಗೆ ರಾಜಿಯಾಯಿತು: ಕಿಟಕಿ ಇಡುವುದು, ಹುಳ ಕೊನೆಯ ದೊಡ್ಡ ಜ್ವರದಿಂದ ಎದ್ದು ಗೂಡು ಕಟ್ಟುವವರೆಗೆ ಮುಚ್ಚಿರುವುದು, ಆ ದಿನಗಳಲ್ಲಿ ನಮ್ಮ ಒಗ್ಗರಣೆ ಅಂಗಳದ ಸೀಮೆಎಣ್ಣೆ ಸ್ಟೌವಿನ ಮೇಲೆ, ಚಂದ್ರಿಕೆಗಳು ಕಿಟಕಿಯ ಎರಡು ಪಕ್ಕಕ್ಕೆ. ಇದಕ್ಕೆ ಸ್ಟ್ಯಾಂಪೂ ಬೇಕಾಗಲಿಲ್ಲ, ರುಜುವೂ ಬೇಕಾಗಲಿಲ್ಲ.

ಮಳೆಗೆ ಮುಂಚೆಯೇ ಕಿಟಕಿ ಬಂತು, ವಿಶಾಲೂನ ಕೆಮ್ಮು ಇಳಿಯಿತು. ಚಿಂತಾಮಣಿಯ ಚಿಕ್ಕಪ್ಪನಿಗೆ ನಕಲು ತೋರಿಸಿದೆ. ಟೈಪ್ ಮಾಡಿದವನು ತಪ್ಪು ಮಾಡಿದ್ದಾನೆ ಎಂದರು. ಆದರೆ ಆ ಒಂದು ಸಾಲನ್ನು ವಿಶಾಲು ಮರೆಯಲಿಲ್ಲ. ಊಟಕ್ಕೆ ತಟ್ಟೆ ಇಟ್ಟು ಅವಳು ಇಂದಿಗೂ ನನ್ನ ಹೆಸರು ಹಿಡಿಯದೆ, "ವಾದಿಗಳೇ!" ಎಂದು ಮೂರು ಸಲ ಕೂಗುತ್ತಾಳೆ. ಮೂರನೆಯ ಕೂಗಿಗೂ ನಾನು ಹಾಜರಾಗದಿದ್ದರೆ ತಟ್ಟೆ ಮುಚ್ಚುವ ಮೊದಲು, ನಾನು ತಂದುಕೊಟ್ಟ ಅದೇ ಕಿಟಕಿಯಿಂದ ನಾರಾಯಣಪ್ಪನವರ ಸಾಕ್ಷಿ ಒಳಗೆ ಬರುತ್ತದೆ: "ಇಲ್ಲೇ ಅವ್ರೆ ಕಣಮ್ಮ, ನಮ್ಮ ಹಿತ್ತಿಲಲ್ಲಿ. ಹುಳ ಯಾವಾಗ ಏಳ್ತಾವೆ ಅಂತ ಆಗ್ಲಿಂದ ನನ್ನ ಪ್ರಾಣ ತಿಂತಾವ್ರೆ!"